ಎಂಜಿನ್ ತಿರುಗದ ಜೀಪಿಗೆ 78 ಸಾವಿರ ಕೊಟ್ಟ ಲೆಕ್ಕ

ಕಳೆದ ಫೆಬ್ರವರಿಯ ಕೊನೆಯ ವಾರ ಹಾನುಬಾಳಿನ ಕಡೆಯ ಬೆಳೆಗಾರರೊಬ್ಬರು ನನ್ನ ಅಂಗಳದಿಂದ ಮಹೀಂದ್ರಾ ಎಂಎಂ 540 ಜೀಪನ್ನು ತಾವೇ ಓಡಿಸಿಕೊಂಡು ಹೋದರು. ಕೈಗೆ ಬಂದದ್ದು 2,85,000 ರೂಪಾಯಿ. ಅದಕ್ಕೆ ಎಂಟು ತಿಂಗಳ ಹಿಂದೆ, ಜೋರು ಮಳೆಯಲ್ಲಿ, ಅದೇ ಜೀಪನ್ನು ಲಾರಿಯ ಮೇಲೆ ಹೇರಿಕೊಂಡು ಸಕಲೇಶಪುರಕ್ಕೆ ತಂದಾಗ ಪೇಟೆಯ ಹಿರಿಯ ಮೇಸ್ತ್ರಿಯೊಬ್ಬರು ಬಾನೆಟ್ ಎತ್ತಿ ನೋಡಿ, "ಎಂಜಿನ್ ತಿರುಗದ ಗಾಡಿಗೆ 78 ಸಾವಿರ ಕೊಟ್ಟೆಯೇನಪ್ಪಾ? ಗುಜರಿಗೆ ತೂಕಕ್ಕೆ ಹಾಕಿದರೂ ಅರ್ಧ ಬರುವುದಿಲ್ಲ" ಎಂದಿದ್ದರು. ನಮ್ಮ ಭಾವ ಒಂದು ವಾರ ಸರಿಯಾಗಿ ಮಾತನಾಡಲಿಲ್ಲ. ಆ 78ರಲ್ಲಿ 30 ಅವರದು.

ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಹಳೆಯ ಫೋರ್ ವೀಲ್ ಗಾಡಿಗಳನ್ನು ಕೊಂಡು, ರಿಪೇರಿ ಮಾಡಿ ಮಾರುವ ಕೆಲಸ ಮಾಡುವವರು ನಮ್ಮ ಕಡೆ ಹತ್ತಾರು ಜನ ಇದ್ದಾರೆ. ಹೆಚ್ಚಿನವರು ಗಾಡಿ ನೋಡಲು ಹೋದ ಕೂಡಲೇ ಕೀ ಕೇಳುತ್ತಾರೆ. ನಾನು ಕೀಯನ್ನು ಕೊನೆಗೆ ಕೇಳುತ್ತೇನೆ. ಮೊದಲು ಕಾಗದ, ಆಮೇಲೆ ಕಬ್ಬಿಣ, ಆಮೇಲೆ ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಮತ್ತು ಆಕ್ಸಲ್, ಕಟ್ಟಕಡೆಗೆ ಎಂಜಿನ್. ಎಂಜಿನ್ನಿನ ರೋಗಕ್ಕೆ ಅಂಗಡಿಯಲ್ಲಿ ಬೆಲೆ ಗೊತ್ತಿದೆ. ಗಾಡಿಯ ಕಬ್ಬಿಣದ ಚೌಕಟ್ಟಾದ ಚಾಸಿಸ್ಸಿನ ರೋಗಕ್ಕೂ ನೋಂದಣಿ ಪತ್ರವಾದ ಆರ್‌ಸಿಯ ರೋಗಕ್ಕೂ ಬೆಲೆ ಯಾರಿಗೂ ಗೊತ್ತಿಲ್ಲ. ಈ ಮಾತನ್ನು ನಾಲ್ಕು ವರ್ಷದಿಂದ ಹೇಳುತ್ತಿದ್ದೆ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಆ ಮೇಸ್ತ್ರಿಯೇ ಗಾಡಿ ನೋಡಲು ಹೊರಡುವ ಮುಂಚೆ ನನಗೆ ಫೋನ್ ಮಾಡುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಬುದ್ಧಿ ಪುಕ್ಕಟೆ ಬಂದದ್ದಲ್ಲ. 2019ರಲ್ಲಿ ಕೊಂಡ ಮೊದಲ ಜೀಪು ಕೂಡ ಎಂಎಂ 540, 1,35,000ಕ್ಕೆ. ಅರ್ಧ ಸುತ್ತಿಗೇ ಸ್ಟಾರ್ಟ್ ಆಗುತ್ತಿತ್ತು. ಪೂಜೋ ಡೀಸೆಲ್ ಎಂಜಿನ್ ಗಡಿಯಾರದ ಹಾಗೆ ಓಡುತ್ತಿತ್ತು, ಹೊಗೆ ಇರಲಿಲ್ಲ, ಎಣ್ಣೆ ಸೋರುತ್ತಿರಲಿಲ್ಲ. ಅಷ್ಟಕ್ಕೇ ಮರುಳಾಗಿ ಅಡ್ವಾನ್ಸ್ ಕೊಟ್ಟೆ. ಮನೆಗೆ ತಂದು ತಳ ತೊಳೆದಾಗ ಸ್ಟೀರಿಂಗ್ ಬಾಕ್ಸ್ ಕೂರುವ ಜಾಗದಲ್ಲಿ ಚಾಸಿಸ್ ಬಿರುಕು ಬಿಟ್ಟಿರುವುದು ಕಂಡಿತು. ಅದರ ಮೇಲೆ ತಗಡಿನ ತುಂಡು ಬೆಸೆದು, ಕಪ್ಪು ಪೇಂಟ್ ಬಳಿದಿದ್ದರು. ನೆಲದ ತಗಡಿನ ಜಾಗದಲ್ಲಿ ಡಾಂಬರು ಹಾಳೆ. ಹೋಗಲಿ ಎಂದು ಬೆಸುಗೆಗೆ ಕೊಟ್ಟರೆ, ಆರ್‌ಟಿಒ ಕಚೇರಿಯಲ್ಲಿ ಎಂಜಿನ್ ನಂಬರ್ ಆರ್‌ಸಿಗೆ ಹೊಂದಲಿಲ್ಲ. ಹಿಂದಿನವರು ಯಾವಾಗಲೋ ಎಂಜಿನ್ ಬದಲಾಯಿಸಿ ಬರೆಸದೇ ಬಿಟ್ಟಿದ್ದರು. ಮೇಲೆ 22 ಸಾವಿರ ಖರ್ಚು ಮಾಡಿ, ಎಲ್ಲವನ್ನೂ ಬಿಚ್ಚಿ ಹೇಳಿ 1,05,000ಕ್ಕೆ ಮಾರಿದೆ. 52 ಸಾವಿರ ಹೋಯಿತು. ಆ ವರ್ಷ ಮಗಳ ಕಾಲೇಜಿನ ಶುಲ್ಕಕ್ಕೆ ಸಾಲ ಮಾಡಿದೆ.

ಎರಡನೆಯದು ದೆಹಲಿಯ ಮಾರುತಿ ಜಿಪ್ಸಿ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸುವಂತಿಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಗಟ್ಟಿಮಾಡಿದ ಮೇಲೆ ಹಳೆಯ ಜಿಪ್ಸಿಗಳು ಅಗ್ಗವಾಗಿ ದಕ್ಷಿಣಕ್ಕೆ ಇಳಿದವು. ಒಣ ಹವೆಯ ಗಾಡಿ, ತುಕ್ಕು ಕಡಿಮೆ, ಕಾರ್ಬುರೇಟರ್ ಇಲ್ಲದ ಎಂಪಿಎಫ್‌ಐ ಎಂಜಿನ್. ಕಬ್ಬಿಣದ ಲೆಕ್ಕದಲ್ಲಿ ನಾನು ಕೊಂಡ ಗಾಡಿಗಳಲ್ಲಿ ಅದೇ ಅತ್ಯುತ್ತಮ. 1,60,000 ಕೊಟ್ಟೆ, ಟ್ರೇಲರ್ ಬಾಡಿಗೆ 28 ಸಾವಿರ. ಆದರೆ ಅಲ್ಲಿನ ನಿರಾಕ್ಷೇಪಣಾ ಪತ್ರಕ್ಕೆ ನಾಲ್ಕು ತಿಂಗಳು ಕಾದೆ. ಇಲ್ಲಿ ತೆರಿಗೆ ಮತ್ತೆ ಕಟ್ಟಬೇಕಾಯಿತು. ಏಜೆಂಟು, ಓಡಾಟ ಎಲ್ಲ ಸೇರಿ 40ರ ಹತ್ತಿರ. 2,35,000ಕ್ಕೆ ಮಾರಿ ಆರು ತಿಂಗಳಿಗೆ 7 ಸಾವಿರ ಉಳಿಸಿದೆ. ಕಾಗದಕ್ಕೆ ಮೊದಲ ಸ್ಥಾನ ಕೊಟ್ಟದ್ದು ಅಲ್ಲಿಂದ.

ಈಗ ನಾನು ಮಾಡುವುದು ಹೀಗೆ. ಗಾಡಿ ಇದೆ ಎಂದು ಸುದ್ದಿ ಬಂದರೆ ಮನೆಯಿಂದ ಹೊರಡುವುದಕ್ಕೆ ಮುಂಚೆ ಆರ್‌ಸಿ ಯಾರ ಹೆಸರಿನಲ್ಲಿದೆ, ಮಾರುವವರು ಅವರೇನೇ, ಗಾಡಿ ಓಡಲು ಯೋಗ್ಯ ಎನ್ನುವ ಎಫ್‌ಸಿ ಪತ್ರ ಯಾವಾಗಿನವರೆಗೆ ಎಂದು ಕೇಳುತ್ತೇನೆ. ಚಾಸಿಸ್ ನಂಬರಿನ ಫೋಟೋ ಕಳಿಸಿ ಎನ್ನುತ್ತೇನೆ. "ಪೇಪರ್ ಎಲ್ಲ ಸರಿ ಇದೆ ಅಣ್ಣಾ, ನೀವು ಬನ್ನಿ" ಎಂದು ಫೋಟೋ ಕಳಿಸದವರ ಮನೆಗೆ ನಾನು ಹೋಗುವುದಿಲ್ಲ. ಫೋಟೋ ಬಂದರೆ ಆರ್‌ಟಿಒ ದಾಖಲೆಯ ನಕಲಾದ ಬಿ ಎಕ್ಸ್‌ಟ್ರಾಕ್ಟ್ ತೆಗೆಸುತ್ತೇನೆ, ಬ್ಯಾಂಕಿನ ಸಾಲ ಬಾಕಿ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಮಾಲೀಕರ ಹೆಸರು ಬದಲಾಯಿಸುವ 29, 30ನೇ ನಮೂನೆಗಳನ್ನು ಖಾಲಿ ಬಿಟ್ಟು ಸಹಿ ಮಾತ್ರ ಹಾಕಿ ಕೈಯಿಂದ ಕೈಗೆ ದಾಟಿಸುವ ರೂಢಿ ಈ ವ್ಯಾಪಾರದಲ್ಲಿ ಇದೆ. ನಾನು ಅದಕ್ಕೆ ಕೈ ಹಾಕುವುದಿಲ್ಲ. ನಡುವಿನ ಹೆಸರು ಯಾರದೆಂದು ಗೊತ್ತಿಲ್ಲದ ಗಾಡಿ ನಾಳೆ ಅಪಘಾತವಾದರೆ ಪೊಲೀಸರು ಬರುವುದು ಯಾರ ಮನೆಗೆ?

ಹದಿನೈದು ವರ್ಷ ದಾಟಿದ್ದರೆ ಮರುನೋಂದಣಿಯ ಖರ್ಚನ್ನೂ ಬರೆದುಕೊಳ್ಳಬೇಕು. 2022ರ ಏಪ್ರಿಲ್‌ನಲ್ಲಿ ಕಾರು ಜೀಪುಗಳ ಶುಲ್ಕ 600ರಿಂದ 5,000ಕ್ಕೆ ಏರಿದ್ದನ್ನು ನೆನಪಿಟ್ಟುಕೊಳ್ಳದೆ ಒಂದು ಗಾಡಿಯಲ್ಲಿ ನನ್ನ ಲೆಕ್ಕ ತಪ್ಪಿತ್ತು. ಹಸಿರು ತೆರಿಗೆ, ವಿಮೆ, ಎಫ್‌ಸಿಗೆ ತಯಾರು ಮಾಡುವ ಚಿಲ್ಲರೆ ಖರ್ಚು ಬೇರೆ. ಎಲ್ಲ ಸೇರಿ ಆಗ ಕಣ್ಣು ಮುಚ್ಚಿ 12 ಸಾವಿರ ಹಿಡಿಯುತ್ತಿದ್ದೆ.

ನೋಡಲು ಹೋಗುವುದು ಬೆಳಿಗ್ಗೆ, ಸಾಧ್ಯವಾದರೆ ಮಳೆಗಾಲದಲ್ಲಿ. ಜೂನ್ ಜುಲೈಯಲ್ಲಿ ನಮ್ಮ ಕಡೆ ಯಾರೂ ಗಾಡಿ ಕೊಳ್ಳುವುದಿಲ್ಲ, ಬೆಲೆ ತಾನಾಗಿ ಇಳಿದಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ಬೇಸಿಗೆಯಲ್ಲಿ ಪೇಂಟು ಮುಚ್ಚಿದ್ದನ್ನೆಲ್ಲ ಮಲೆನಾಡಿನ ಮಳೆ ತೆರೆದು ತೋರಿಸುತ್ತದೆ. ಸೀಟಿನ ಕೆಳಗೆ ನೀರು ನಿಂತಿದೆಯೇ, ನಿಲ್ಲದೆ ಇಳಿದುಹೋಗಿದೆಯೇ ಎಂದು ನೋಡಿ. ಇಳಿದುಹೋಗಿದ್ದರೆ ಅದು ಹೋದ ತೂತನ್ನು ಹುಡುಕಿ.

ಚೀಲದಲ್ಲಿ ಒಯ್ಯುವುದು ಗೋಣಿತಾಟು, ಟಾರ್ಚು, ಸಣ್ಣ ಸುತ್ತಿಗೆ, ಸ್ಕ್ರೂಡ್ರೈವರ್, ಬಟ್ಟೆ ಸುತ್ತಿದ ಅಯಸ್ಕಾಂತ. ಗೋಣಿ ಹಾಸಿ ಕೆಳಗೆ ನುಸುಳಿದರೆ ನನ್ನ ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ. ಸ್ಟೀರಿಂಗ್ ಬಾಕ್ಸಿನ ಜಾಗ, ಸ್ಪ್ರಿಂಗ್ ಪಟ್ಟಿಯನ್ನು ಹಿಡಿಯುವ ಹಿಂದಿನ ಕೊಂಡಿ (ಷ್ಯಾಕಲ್) ಕೂರುವ ಕಿವಿಗಳು, ಗೇರ್ ಬಾಕ್ಸ್ ಹೊತ್ತ ಅಡ್ಡಪಟ್ಟಿ, ಬಾಡಿ ಕೂರುವ ಬೋಲ್ಟುಗಳ ಸುತ್ತ: ಈ ನಾಲ್ಕು ಕಡೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತೇನೆ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಕೊಳೆತದ್ದು ದಬ್ ಎನ್ನುತ್ತದೆ. ದಬ್ ಎಂದ ಕಡೆ ಸ್ಕ್ರೂಡ್ರೈವರ್ ಒತ್ತಿದರೆ ಸಾಕು. ಕರಾವಳಿಯಿಂದ ಬಂದ ಗಾಡಿಯಾದರೆ ಅಯಸ್ಕಾಂತಕ್ಕೆ ಹೆಚ್ಚು ಕೆಲಸ. ಉಡುಪಿ ಕಡೆಯ ಒಂದು ಜೀಪಿನಲ್ಲಿ ಐದು ಕಡೆ ಅಯಸ್ಕಾಂತ ಜಾರಿ ಬಿತ್ತು, ಒಳಗೆ ಕಬ್ಬಿಣವಿಲ್ಲ, ತೂತು ತುಂಬುವ ಪುಟ್ಟಿ ಮಾತ್ರ. ಬೆಲೆ ಕೇಳದೆ ಎದ್ದು ಬಂದೆ.

ಚಾಸಿಸ್ ಪಾಸಾದರೆ ಜ್ಯಾಕ್ ಹಾಕಿ ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸುತ್ತೇನೆ, ಚಕ್ರ ಹೊರಳುವ ಗೂಟವಾದ ಕಿಂಗ್ ಪಿನ್ ಸವೆದಿದ್ದರೆ ಕೈಗೇ ತಿಳಿಯುತ್ತದೆ. ಓಡುವ ಗಾಡಿಯಾದರೆ ಏರಿನ ಜಾಗಕ್ಕೆ ಒಯ್ದು, ವೇಗ ಕಡಿಮೆ, ಬಲ ಹೆಚ್ಚು ಕೊಡುವ ಲೋ ರೇಂಜ್ ಹಾಕಿ ಎರಡನೇ ಗೇರಿನಲ್ಲಿ ಇಳಿಸುತ್ತಾ ಆಕ್ಸಿಲರೇಟರ್ ಬಿಡುತ್ತೇನೆ. ಲಿವರ್ ತಾನಾಗಿ ನ್ಯೂಟ್ರಲ್‌ಗೆ ಜಿಗಿದರೆ ಟ್ರಾನ್ಸ್‌ಫರ್ ಕೇಸ್ ಬಿಚ್ಚಲೇಬೇಕು. ಪ್ರವಾಸಿಗರನ್ನು ಹೊತ್ತು ಬೆಟ್ಟ ಹತ್ತಿ ಇಳಿದ ಜೀಪುಗಳಲ್ಲಿ ಹತ್ತಕ್ಕೆ ಏಳು ಜಿಗಿಯುತ್ತವೆ. ಮಾಂದಲ್‌ಪಟ್ಟಿ, ಕೊಡಚಾದ್ರಿ ದಾರಿಯಲ್ಲಿ ದುಡಿದ ಗಾಡಿಗಳಿಗೆ ನಾನು ಗೌರವ ಕೊಡುತ್ತೇನೆ, ದುಡ್ಡು ಕೊಡುವುದಿಲ್ಲ.

78 ಸಾವಿರದ ಈ 540 ಇದ್ದದ್ದು ಒಂದು ಕಾಫಿ ತೋಟದ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ. ಮೇಲೆ ಹಂಚು, ಕೆಳಗೆ ಒಣ ನೆಲ. ಒಬ್ಬರೇ ಮಾಲೀಕರು, ಅವರು ತೀರಿಕೊಂಡು ಮಗನ ಹೆಸರಿಗೆ ಆರ್‌ಸಿ ಬದಲಾಗಿತ್ತು. ನಂಬರ್ ಎರಡೂ ಹೊಂದಿದವು. ಸುತ್ತಿಗೆ ಎಲ್ಲ ಕಡೆಯೂ ಠಣ್ ಎಂದಿತು. ಹಿಂದಿನ ನೆಲ ಮಾತ್ರ ಹೋಗಿತ್ತು. ಏರ್ ಕ್ಲೀನರ್ ಕಳಚಿಟ್ಟಿದ್ದ ಕಡೆಯಿಂದ ಎಂಜಿನ್ನಿಗೆ ತೇವ ಇಳಿದು ಹಿಡಿದುಕೊಂಡಿತ್ತು. ಎಂಜಿನ್ ಬರೀ ಹಿಡಿದಿದೆಯೋ, ಒಳಗೆ ಮುರಿದಿದೆಯೋ ಎಂದು ಬಿಚ್ಚದೆ ತಿಳಿಯುವ ಒಂದು ಉಪಾಯ ನನ್ನ ಬಳಿ ಇದೆ. ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯಾದ ಸಂಪಿನ ನಟ್ಟಿನಿಂದ ಶುರುವಾಗುತ್ತದೆ ಎಂದಷ್ಟೇ ಹೇಳುತ್ತೇನೆ. ಅದು ನನ್ನ ಅನ್ನ.

ಕೊಟ್ಟಿಗೆಯಲ್ಲೇ ಕುಳಿತು ಲೆಕ್ಕದ ಚೀಟಿ ಬರೆದೆ. ಚೀಟಿ ಯಾವಾಗಲೂ ಮಾರುವ ಬೆಲೆಯಿಂದ ಶುರುವಾಗಬೇಕು, ಕೊಳ್ಳುವ ಬೆಲೆಯಿಂದಲ್ಲ. ಹೋಗುವ ಮುಂಚೆಯೇ ಮೂವರು ಗಿರಾಕಿಗಳನ್ನು ವಿಚಾರಿಸಿದ್ದೆ: ಇಂಥ 540, ಎಫ್‌ಸಿ ಆಗಿ, ಫೋರ್ ವೀಲ್ ಸರಿ ಇದ್ದರೆ ಎಷ್ಟು ಕೊಡುತ್ತೀರಿ? ಕಡಿಮೆ ಹೇಳಿದವರ ಮಾತು 2,70,000. ಅದನ್ನೇ ಹಿಡಿದೆ. ಅದರಲ್ಲಿ ನನ್ನ ಕೂಲಿ, ಲಾಭ 40 ಸಾವಿರ ತೆಗೆದೆ. ಕಾಗದಕ್ಕೆ 12 ತೆಗೆದೆ. ರಿಪೇರಿಗೆ ಕಣ್ಣಂದಾಜು 90 ಬಂತು; ಕಣ್ಣಂದಾಜನ್ನು ಒಂದೂವರೆ ಪಟ್ಟು ಮಾಡುವುದು ನನ್ನ ನಿಯಮ, 135 ತೆಗೆದೆ. ಉಳಿದದ್ದು 83. ಅವರು 95 ಹೇಳಿದರು. ನಾನು ಚೀಟಿ ಮಡಚಿ ಜೇಬಿಗಿಟ್ಟು, ಕಾಫಿ ಕುಡಿದು ಎದ್ದೆ. ಗೇಟಿನ ಹತ್ತಿರ ಕರೆದು 78ಕ್ಕೆ ಒಪ್ಪಿದರು. ಲಾರಿ ಬಾಡಿಗೆ 6 ಸಾವಿರ ಬರೆಯಲು ಮರೆತಿದ್ದರಿಂದ ಸಾವಿರ ರೂಪಾಯಿ ಮಿತಿ ಮೀರಿದೆ. ಈಗ ಚೀಟಿಯ ತಲೆಯಲ್ಲಿ ಮೊದಲು ಬರೆಯುವುದೇ ಲಾರಿ ಬಾಡಿಗೆ.

ಎಂಜಿನ್ ಬಿಡಿಸಲು ಒಂಬತ್ತು ದಿನ ಹಿಡಿಯಿತು. ಡೀಸೆಲ್ ಸಿಂಪಡಿಸುವ ನೋಝಲ್ ಕಳಚಿ ನಾಲ್ಕೂ ಸಿಲಿಂಡರಿಗೆ ಡೀಸೆಲ್ ಮತ್ತು ಪವರ್ ಸ್ಟೀರಿಂಗ್ ಎಣ್ಣೆಯನ್ನು ಸಮಸಮ ಬೆರೆಸಿ ಒಂದೊಂದು ಲೋಟ ಹೊಯ್ದೆ. ದಿನಾ ಬೆಳಿಗ್ಗೆ ನೋಡಿದರೆ ಮೂರರಲ್ಲಿ ಮಟ್ಟ ಇಳಿಯುತ್ತಿತ್ತು, ಎರಡನೆಯದರಲ್ಲಿ ಇಳಿಯುತ್ತಿರಲಿಲ್ಲ. ಹಿಡಿದಿದ್ದದ್ದು ಅದು. ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಉದ್ದದ ಸ್ಪ್ಯಾನರ್ ಕೊಟ್ಟು ಮುಂದೊಮ್ಮೆ ಹಿಂದೊಮ್ಮೆ ಮೈಭಾರ ಹಾಕುತ್ತಿದ್ದೆ, ಜಗ್ಗುತ್ತಿರಲಿಲ್ಲ. ಎಂಟನೇ ದಿನ ಸಂಜೆ ಕೈಯಲ್ಲಿ ಏನೋ ಮೆತ್ತಗಾದ ಹಾಗಾಯಿತು. ಪುಲ್ಲಿಯ ಮೇಲೆ ಸೀಮೆಸುಣ್ಣದಲ್ಲಿ ಎಳೆದಿದ್ದ ಗೆರೆ ಕೂದಲೆಳೆಯಷ್ಟು ಸರಿದಿತ್ತು. ಮತ್ತೆ ಬಲ ಹಾಕಲಿಲ್ಲ. ಎಣ್ಣೆ ತುಂಬಿಸಿ ಮಲಗಿದೆ. ಮರುದಿನ ಬೆಳಿಗ್ಗೆ ಕರ್ರ್ ಎಂದು ಕಾಲು ಸುತ್ತು ತಿರುಗಿತು. ಒಳಗಿದ್ದ ಮಗನನ್ನು ಕೂಗಿ ಕರೆದೆ. ಆ ಸದ್ದಿಗೆ ಸಮನಾದ ಸಂತೋಷ ಈ ಕೆಲಸದಲ್ಲಿ ಇನ್ನೊಂದಿಲ್ಲ.

ಆಮೇಲೆ ಲೈನರ್, ಪಿಸ್ಟನ್, ಹೆಡ್, ಪಂಪು ಎಲ್ಲ ಸೇರಿ 62 ಸಾವಿರ ಆಯಿತು ಎಂದು ನೆನಪು. ಮಹೀಂದ್ರಾದ್ದೇ ಇನ್ನೊಂದು ಡೀಸೆಲ್ ಎಂಜಿನ್ ಎಂಡಿಐ ಹಾಕಿಬಿಡು, ಬಿಡಿಭಾಗ ಸುಲಭ ಎಂದು ಹಲವರು ಹೇಳಿದರು. ಎಂಜಿನ್ ಬದಲಾದರೆ ಆರ್‌ಟಿಒ ಅನುಮತಿ, ಆರ್‌ಸಿಯಲ್ಲಿ ನಮೂದು ಎಂದು ಮತ್ತೆ ಓಡಾಟ. ಮೊದಲ ಜೀಪಿನ ಪಾಠ ಮರೆತಿರಲಿಲ್ಲ, ಇದ್ದದ್ದನ್ನೇ ಕಟ್ಟಿದೆ. ಬ್ರೇಕು, ಕಿಂಗ್ ಪಿನ್, ಸ್ಟೀರಿಂಗ್ 24, ಐದು ಸೆಕೆಂಡ್ ಹ್ಯಾಂಡ್ ಟೈರು 20, ನೆಲದ ತಗಡು ಮತ್ತು ಪೇಂಟು 27. ಒಟ್ಟು 133. ಚೀಟಿಯಲ್ಲಿ ಬರೆದದ್ದು 135. ಇದನ್ನು ನಾನು ಎದೆ ತಟ್ಟಿ ಹೇಳುತ್ತೇನೆ. ಕಾಗದಕ್ಕೆ 11 ಹೋಯಿತು. ಕಾಫಿ ಕೊಯ್ಲು ಮುಗಿದು ಬೆಳೆಗಾರರ ಕೈಯಲ್ಲಿ ದುಡ್ಡು ಆಡುವ ಫೆಬ್ರವರಿಯವರೆಗೆ ಕಾದದ್ದರಿಂದ 2,70,000ದ ಜಾಗದಲ್ಲಿ 2,85,000 ಬಂತು. ಭಾವನವರ 30ಕ್ಕೆ 10 ಸೇರಿಸಿ ಕೊಟ್ಟೆ.

ಈ ಮಧ್ಯೆ ಮಾಡಿದ ಒಂದು ಪ್ರಯೋಗವನ್ನೂ ಹೇಳಬೇಕು. ತುಕ್ಕು ಬಿಡಿಸಲು ಆಸಿಡ್ ಬಳಸುವುದು ನನಗೆ ಇಷ್ಟವಿಲ್ಲ. ದನಗಳಿಗೆ ಹಾಕುವ ಕಾಕಂಬಿಯನ್ನು ಒಂದಕ್ಕೆ ಒಂಬತ್ತು ಪಾಲು ನೀರಿನಲ್ಲಿ ಕಲಸಿ, ಹಳೆಯ ಡ್ರಮ್ಮಿನಲ್ಲಿ ಷ್ಯಾಕಲ್, ಬ್ರಾಕೆಟ್, ಹಬ್ಬುಗಳನ್ನು ಮುಳುಗಿಸಿಟ್ಟೆ. ಮಾರ್ಚಿನಲ್ಲಿ ಹನ್ನೆರಡು ದಿನಕ್ಕೆ ಬೂದು ಬಣ್ಣದ ಶುದ್ಧ ಕಬ್ಬಿಣ ಹೊರಬಂತು, ಅಚ್ಚೊತ್ತಿದ ಅಕ್ಷರಗಳು ಕೂಡ ಓದಲು ಬಂದವು. ಜುಲೈಯ ಚಳಿಯಲ್ಲಿ ಅದೇ ಕೆಲಸಕ್ಕೆ ನಾಲ್ಕು ವಾರ ಬೇಕಾಯಿತು. ಮುಚ್ಚಳ ಹಾಕದಿದ್ದರೆ ಊರಿನ ಕಣಜದ ಹುಳುಗಳೆಲ್ಲ ಅಲ್ಲೇ. ಅಲ್ಯೂಮಿನಿಯಂ ಮಾತ್ರ ಹಾಕಬೇಡಿ. ಒಂದು ಹಳೆಯ ಜಿಪ್ಸಿಯ ಕಾರ್ಬುರೇಟರ್ ಹಾಕಿ, ಕಚ್ಚಿದ ಬಿಸ್ಕತ್ತಿನಂತೆ ತೆಗೆದೆ. 3,500 ಹೋಯಿತು. ಕಾಕಂಬಿಗೆ ಇನ್ನೊಂದು ಪದಾರ್ಥ ಸೇರಿಸಿದರೆ ದಿನ ಅರ್ಧಕ್ಕೆ ಇಳಿಯುತ್ತದೆ. ಅದರ ಪ್ರಮಾಣ ಇನ್ನೂ ನನಗೇ ಹದಕ್ಕೆ ಬಂದಿಲ್ಲ, ಬಂದ ಮೇಲೂ ಹೇಳುತ್ತೇನೋ ಇಲ್ಲವೋ.

ಈ ವಾರ ಸೋಮವಾರಪೇಟೆ ಕಡೆಯ ಒಂದು ಜೀಪು ನೋಡಿ ಬಂದಿದ್ದೇನೆ. ನಂಬರ್ ಹೊಂದಿದೆ, ಸುತ್ತಿಗೆ ಪಾಸು, ಟ್ರಾನ್ಸ್‌ಫರ್ ಕೇಸ್ ಜಿಗಿಯುತ್ತದೆ. ಚೀಟಿಯಲ್ಲಿ 96 ಬಂತು, ಅವರು 1,08,000ಕ್ಕಿಂತ ಇಳಿಯುತ್ತಿಲ್ಲ. ಮಳೆ ಇನ್ನೂ ಎರಡು ತಿಂಗಳಿದೆ. ಚೀಟಿ ಜೇಬಿನಲ್ಲಿದೆ.