ಕಾವಲಿ, ಮೆಟ್ಟುಕತ್ತಿ, ಗುದ್ದಲಿ: ಆರಿಸುವುದು, ಪಳಗಿಸುವುದು, ಕಾಪಾಡುವುದು

ಕಬ್ಬಿಣದ ಕಾವಲಿ ಕೊಳ್ಳಲು ಹೋದರೆ ಮೊದಲು ಅದನ್ನು ತಕ್ಕಡಿಗೆ ಹಾಕಿಸಿ. 30 ಸೆಂಟಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪ ಇರುವ ಬೀಡಿನ ಕಾವಲಿ ಹಿಡಿಯ ಭಾರ ಬಿಟ್ಟೇ ಎರಡು ಕಿಲೋ ತೂಗಬೇಕು. ಅಷ್ಟೇ ಅಗಲದ್ದು ಒಂದು ಕಿಲೋ ಚಿಲ್ಲರೆಗೆ ನಿಂತುಬಿಟ್ಟರೆ ಅದು ತಗಡು, ಅಂಗಡಿಯವರು ಏನೇ ಹೆಸರಿಟ್ಟು ಮಾರಲಿ.

ತಗಡಿನ ಕಾವಲಿ ಕೆಟ್ಟದ್ದೇನೂ ಅಲ್ಲ. ಬೇಗ ಕಾಯುತ್ತದೆ, ಬೇಗ ಆರುತ್ತದೆ, ಕೈ ಜಾರಿ ಬಿದ್ದರೂ ಒಡೆಯುವುದಿಲ್ಲ. ರೊಟ್ಟಿ, ಚಪಾತಿಗೆ ಅದೇ ಸಾಕು. ಆದರೆ ದೋಸೆಗೆ ಬೇಕಾದದ್ದು ಕಾವನ್ನು ಹಿಡಿದಿಟ್ಟುಕೊಳ್ಳುವ ಗುಣ. ತಣ್ಣನೆಯ ಹಿಟ್ಟು ಬಿದ್ದ ಕೂಡಲೇ ತಗಡಿನ ಕಾವು ಇಳಿದುಹೋಗುತ್ತದೆ, ಬೀಡಿನ ಕಾವು ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಬೀಡು ಎಂದರೆ ಎರಕದ ಕಬ್ಬಿಣ. ಕಬ್ಬಿಣವನ್ನು ಕರಗಿಸಿ ಮರಳಿನ ಅಚ್ಚಿಗೆ ಹೊಯ್ದು ಮಾಡಿದ್ದು. ಅದರಲ್ಲಿ ಇಂಗಾಲ ನೂರಕ್ಕೆ ಎರಡರಿಂದ ನಾಲ್ಕು ಪಾಲು ಇರುತ್ತದೆ. ಆ ಇಂಗಾಲದಿಂದಲೇ ಅದಕ್ಕೆ ಸುಲಭವಾಗಿ ಎರಕವಾಗುವ ಗುಣ ಬಂದಿದೆ, ಬಿದ್ದರೆ ಹೋಳಾಗುವ ದೋಷವೂ ಬಂದಿದೆ.

ತೂಕ ಸರಿಹೋದ ಮೇಲೆ ಕಾವಲಿಯನ್ನು ಹಿಡಿಯಿಂದ ತೂಗುಹಾಕಿ ಬೆರಳ ಗೆಣ್ಣಿನಿಂದ ತಟ್ಟಿ. ಸದ್ದು ಸ್ವಲ್ಪ ಹೊತ್ತು ಗುಂಯ್ ಎಂದು ಉಳಿಯಬೇಕು. ಒಡಕು ಮಡಕೆ ತಟ್ಟಿದ ಹಾಗೆ 'ಥಪ್' ಎಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ, ವಾಪಸ್ಸು ಇಡಿ. ಮೈಮೇಲೆ ಮರಳಿನ ಅಚ್ಚಿನ ಸಣ್ಣ ತರಿತರಿ ಇದ್ದರೆ ಚಿಂತೆಯಿಲ್ಲ, ಬಳಸುತ್ತಾ ನಯವಾಗುತ್ತದೆ. ಗುಳಿಗಳಿದ್ದರೆ ಮಾತ್ರ ಬೇಡ, ದೋಸೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಅಂಚಿನಲ್ಲಿ ಉಗುರಿನಿಂದ ಕೆರೆದು ನೋಡಿ: ಕಪ್ಪು ಬಣ್ಣ ಸಿಪ್ಪೆಯಂತೆ ಎದ್ದು ಬಂದರೆ ಅದು ಪೇಂಟು, ಅಡುಗೆಗೆ ಸಲ್ಲದ್ದು. ಇಂಡಕ್ಷನ್ ಒಲೆಯವರು ತಳಕ್ಕೆ ಒಂದು ಸ್ಕೇಲನ್ನು ಅಡ್ಡ ಹಿಡಿದು ನೋಡಬೇಕು. ತಳ ಸಪಾಟಾಗಿಲ್ಲದಿದ್ದರೆ ಅಲ್ಲಿ ಕಾವಲಿ ಸಮನಾಗಿ ಕಾಯುವುದಿಲ್ಲ.

ಪಳಗಿಸುವ ಕೆಲಸ

ಹೊಸ ಕಾವಲಿ ಮನೆಗೆ ಬಂದ ದಿನವೇ ದೋಸೆ ಹುಯ್ಯುವ ಆಸೆ ಬೇಡ. ಗೋದಾಮಿನಲ್ಲಿ ತುಕ್ಕು ಹಿಡಿಯದಿರಲೆಂದು ಅದಕ್ಕೆ ಯಂತ್ರದ ಎಣ್ಣೆ ಬಳಿದಿರುವುದುಂಟು. ಬಿಸಿನೀರು, ಸೋಪು, ತೆಂಗಿನ ನಾರು ಹಾಕಿ ಚೆನ್ನಾಗಿ ತಿಕ್ಕಿ. ಕಬ್ಬಿಣಕ್ಕೆ ಸೋಪು ಧಾರಾಳವಾಗಿ ಹಾಕುವುದು ಈ ಒಂದು ದಿನ ಮಾತ್ರ. ಆಮೇಲೆ ಗಂಜಿಯಲ್ಲೋ ಅಕ್ಕಿ ತೊಳೆದ ನೀರಿನಲ್ಲೋ ಒಂದು ದಿನ ನೆನೆಹಾಕುವ ರೂಢಿ ಹಲವು ಮನೆಗಳಲ್ಲಿದೆ. ನೀರು ಹುಳಿ ಬರುತ್ತಾ ಸಣ್ಣ ತುಕ್ಕನ್ನೂ ಅಚ್ಚಿನ ಮಸಿಯನ್ನೂ ಬಿಡಿಸುತ್ತದೆ. ನೀರು ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಹೋಗಬೇಕಾದದ್ದು ಹೋಗುತ್ತಿದೆ ಎಂದು ತಿಳಿಯಿರಿ.

ತೊಳೆದ ಕಾವಲಿಯನ್ನು ಬಟ್ಟೆಯಲ್ಲಿ ಒರೆಸಿ, ಸಣ್ಣ ಉರಿಯ ಮೇಲೆ ಐದು ನಿಮಿಷ ಇಟ್ಟು ತೇವವೆಲ್ಲ ಆರಿಸಿ. ಬಟ್ಟೆಯಿಂದ ಒರೆಸಿದ್ದಷ್ಟೇ ಆದರೆ ತರಿಗಳ ಸಂದಿಯಲ್ಲಿ ನೀರು ಉಳಿದಿರುತ್ತದೆ. ಈಗ ಒಂದು ಚಮಚ ಎಣ್ಣೆ ಹಾಕಿ ಒಳಗೆ, ಹೊರಗೆ, ಹಿಡಿಗೆ, ತಳಕ್ಕೆ ಎಲ್ಲ ಕಡೆ ಸವರಿ. ನಂತರ ಬೇರೆ ಒಣಬಟ್ಟೆ ತೆಗೆದುಕೊಂಡು, ಎಣ್ಣೆಯನ್ನು ತಪ್ಪಿ ಹಚ್ಚಿಬಿಟ್ಟಿರಿ ಎನ್ನುವ ಹಾಗೆ ಪೂರ್ತಿ ಒರೆಸಿ ತೆಗೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ. ಎಣ್ಣೆ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಕೆರೆ ಕಟ್ಟಿ ಕಾಯಿಸುತ್ತಾರೆ. ಅದು ಬೆಲ್ಲದ ಪಾಕದ ಹಾಗೆ ಅಂಟಂಟಾಗಿ ಕೂತು, ವಾರ ಕಳೆದ ಮೇಲೆ ಹಕ್ಕಳೆಯಾಗಿ ಏಳುತ್ತದೆ. ಒರೆಸಿದ ಮೇಲೂ ಕಣ್ಣಿಗೆ ಕಾಣದ ಒಂದು ತೆಳು ಪದರ ಉಳಿಯುತ್ತದಲ್ಲ, ನಮಗೆ ಬೇಕಾದದ್ದು ಅಷ್ಟೇ.

ಕಿಟಕಿ ತೆರೆದಿಟ್ಟು ಮಧ್ಯಮ ಉರಿಯಲ್ಲಿ ಕಾಯಿಸಿ. ಹೊಗೆ ಏಳುತ್ತದೆ. ಏಳಲಿ. ಹೊಗೆ ಕಡಿಮೆಯಾಗಿ ಮೈ ಸ್ವಲ್ಪ ಕಂದು ಹೊಳಪಿಗೆ ತಿರುಗಿದಾಗ ಒಲೆ ಆರಿಸಿ, ತಾನಾಗಿ ತಣ್ಣಗಾಗಲು ಬಿಡಿ. ಹೀಗೆ ನಾಲ್ಕೈದು ಸಲ ಆಗಬೇಕು. ಒಂದೇ ದಿನ ಮಾಡಿದರೂ ಸರಿ, ದಿನಕ್ಕೊಂದು ಮಾಡಿದರೂ ಸರಿ. ಕಾವಿಗೂ ಗಾಳಿಗೂ ಸಿಕ್ಕಿ ಆ ತೆಳು ಪದರ ಎಣ್ಣೆಯಾಗಿ ಉಳಿಯದೆ ಅರಗಿನಂತೆ ಗಟ್ಟಿಯಾಗಿ ಕಬ್ಬಿಣವನ್ನು ಕಚ್ಚಿ ಕೂರುತ್ತದೆ. ಕಾವಲಿ ಪಳಗುವುದೆಂದರೆ ಇದು.

ಯಾವ ಎಣ್ಣೆ? ಕರಾವಳಿಯ ಓದುಗರು ಬೇಸರಿಸಬಾರದು, ಈ ಕೆಲಸಕ್ಕೆ ತೆಂಗಿನೆಣ್ಣೆ ಸಾಲದು. ಗಾಳಿಗೆ ಗಟ್ಟಿಯಾಗುವ ಗುಣ ಅದರಲ್ಲಿ ತೀರಾ ಕಡಿಮೆ. ಅಗಸೆ ಎಣ್ಣೆಯಲ್ಲಿ ಆ ಗುಣ ವಿಪರೀತ, ಪದರ ಬೇಗ ಬರುತ್ತದೆ, ಆದರೆ ಕೆಲವೊಮ್ಮೆ ಗಾಜಿನಂತೆ ಸಿಡಿದು ಏಳುತ್ತದೆ. ಸೂರ್ಯಕಾಂತಿ ಎಣ್ಣೆ ನಡುವಿನದು, ಅಗ್ಗದ್ದು, ಎಲ್ಲ ಅಂಗಡಿಯಲ್ಲೂ ಸಿಗುವಂಥದ್ದು. ನಾನು ಬಳಸುವುದು ಅದನ್ನೇ. ಎಳ್ಳೆಣ್ಣೆಯೂ ಆದೀತು. ಪಳಗಿದ ಮೇಲೆ ದೋಸೆಗೆ ನಿಮ್ಮ ಇಷ್ಟದ ಎಣ್ಣೆ ಹಾಕಿಕೊಳ್ಳಿ.

ಮೊದಲ ಎರಡು ವಾರ ಈರುಳ್ಳಿ ಹುರಿಯುವುದಕ್ಕೋ ಎಣ್ಣೆ ಹೆಚ್ಚು ಬೇಡುವ ಉತ್ತಪ್ಪಕ್ಕೋ ಬಳಸಿ. ನೀರ್ದೋಸೆಯಂಥ ನಾಜೂಕಿನದ್ದಕ್ಕೆ ಆಮೇಲೆ ಕೈ ಹಾಕಿ. ಹಿಟ್ಟು ಹುಯ್ಯುವ ಮುನ್ನ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ತಿಕ್ಕುವುದು ಎಲ್ಲರಿಗೂ ಗೊತ್ತು. ಈರುಳ್ಳಿ ತಿನ್ನದ ಮನೆಗಳಲ್ಲಿ ಬಾಳೆ ಎಲೆಯ ದಂಟನ್ನು ಜಜ್ಜಿ ಕುಂಚದಂತೆ ಬಳಸುತ್ತಾರೆ, ಅದು ಇನ್ನೂ ಚೆನ್ನಾಗಿ ಹಬ್ಬಿಸುತ್ತದೆ.

ಕಾವಲಿ ಕೆಡುವ ದಾರಿಗಳು

ಒಂದು, ಹುಳಿ. ಟೊಮೆಟೊ ಗೊಜ್ಜು, ಹುಣಸೆ ಹುಳಿ ಬಿದ್ದ ಪಲ್ಯ ಯಾವುದನ್ನೂ ಅದರಲ್ಲಿ ಕುದಿಸಬೇಡಿ. ತಿಂಗಳುಗಟ್ಟಲೆ ಕಟ್ಟಿದ ಪದರ ಅರ್ಧ ಗಂಟೆಯಲ್ಲಿ ಸಡಿಲವಾಗುತ್ತದೆ, ಪಲ್ಯಕ್ಕೂ ಕಬ್ಬಿಣದ ಒಗರು ಇಳಿಯುತ್ತದೆ. ಎರಡು, ಚಪಾತಿ. ಎಣ್ಣೆಯಿಲ್ಲದೆ ಗಂಟೆಗಟ್ಟಲೆ ಕಾದರೆ ಪದರ ಸುಟ್ಟುಹೋಗುತ್ತದೆ. ದೋಸೆಗೊಂದು ಚಪಾತಿಗೊಂದು ಎಂದು ಹಿರಿಯರು ಎರಡು ಇಟ್ಟುಕೊಳ್ಳುತ್ತಿದ್ದದ್ದು ಮಡಿಗಾಗಿ ಮಾತ್ರ ಇರಲಾರದು. ಮೂರು, ಸ್ಟೀಲ್ ಉಜ್ಜುವ ನಾರು. ನಮ್ಮ ಮನೆಯಲ್ಲಿ ಕಾವಲಿ ಪಾತ್ರೆಗಳ ಜೊತೆ ಸಿಂಕಿಗೆ ಇಳಿಯುವುದೇ ಇಲ್ಲ. ಬಿಸಿ ಇರುವಾಗಲೇ ಬಟ್ಟೆಯಲ್ಲಿ ಒರೆಸಿ ಎತ್ತಿಡುತ್ತೇವೆ. ಏನಾದರೂ ಹಿಡಿದುಕೊಂಡಿದ್ದರೆ ಒಂದು ಚಿಟಿಕೆ ಕಲ್ಲುಪ್ಪು, ಎರಡು ಹನಿ ಎಣ್ಣೆ ಹಾಕಿ ತಿಕ್ಕಿ, ಉಪ್ಪಿನ ಕಣ ಉಳಿಯದಂತೆ ಒರೆಸಿದರೆ ಮುಗಿಯಿತು.

ನಾಲ್ಕನೆಯದು ನನ್ನ ಅನುಭವ. ಹೋಟೆಲಿನಲ್ಲಿ ಭಟ್ಟರು ಕಾದ ಕಾವಲಿಗೆ ನೀರು ಚಿಮುಕಿಸಿ ಕಡ್ಡಿಪೊರಕೆಯಿಂದ ಗುಡಿಸುವುದನ್ನು ನೀವೂ ನೋಡಿರುತ್ತೀರಿ. ಚುಂಯ್ ಎಂಬ ಆ ಸದ್ದಿಗೆ ಮರುಳಾಗಿ ಒಂದು ಭಾನುವಾರ ನಾನೂ ಅರ್ಧ ಲೋಟ ತಣ್ಣೀರು ಸುರಿದೆ. ಚುಂಯ್ ಎನ್ನುವ ಬದಲು 'ಟಣ್' ಎಂದಿತು. ಅಂಚಿನಿಂದ ನಡುವಿನವರೆಗೆ ನೇರ ಗೆರೆ. ಹೋಟೆಲಿನದ್ದು ದಪ್ಪ ಉಕ್ಕಿನ ಹಲಗೆ, ಸ್ವಲ್ಪ ಹಿಗ್ಗಿ ಕುಗ್ಗಿ ತಾಳಿಕೊಳ್ಳುತ್ತದೆ. ಬೀಡಿಗೆ ಆ ತಾಳ್ಮೆಯಿಲ್ಲ. ಮೇಲ್ಮೈ ತಟ್ಟನೆ ಕುಗ್ಗಿ, ಕೆಳಗಿನ ಪದರ ಹಿಗ್ಗಿಯೇ ಇದ್ದರೆ ಸೀಳುತ್ತದೆ. ಬೀಡಿಗೆ ಬೆಸುಗೆ ಹಾಕುವುದು ಕಷ್ಟದ ಕೆಲಸ, ಹಾಕಿದರೂ ಆ ಗೆರೆಯ ಮೇಲೆ ದೋಸೆ ಏಳುವುದಿಲ್ಲ. ಕಾವು ಇಳಿಸಬೇಕಿದ್ದರೆ ಉರಿ ಸಣ್ಣ ಮಾಡಿ ಒದ್ದೆಬಟ್ಟೆಯಿಂದ ಒಮ್ಮೆ ಸವರಿ, ಅಷ್ಟು ಸಾಕು.

ತುಕ್ಕು ಹಿಡಿದ ಕಾವಲಿ ಮಾತ್ರ ಕೆಟ್ಟಂತಲ್ಲ. ಅಟ್ಟದಲ್ಲಿ ಹತ್ತು ವರ್ಷ ಬಿದ್ದದ್ದನ್ನೂ ಹುಣಸೆಹಣ್ಣಿನ ಗಟ್ಟಿ ರಸ ಬಳಿದು ಅರ್ಧ ಗಂಟೆ ಬಿಟ್ಟು, ತಿಕ್ಕಿ ತೊಳೆದು, ಕೂಡಲೇ ಒಲೆಯ ಮೇಲೆ ಒಣಗಿಸಿ ಮೊದಲಿನಿಂದ ಪಳಗಿಸಬಹುದು. ಪದರವನ್ನು ಕೆಡಿಸುವ ಹುಳಿಯೇ ಇಲ್ಲಿ ನೆರವಿಗೆ ಬರುತ್ತದೆ.

ಮೆಟ್ಟುಕತ್ತಿ ಮತ್ತು ಸಾಣೆ

ಈಳಿಗೆ ಮಣೆ ಎನ್ನಿ, ಮೆಟ್ಟುಕತ್ತಿ ಎನ್ನಿ, ಕೊಳ್ಳುವಾಗ ಅಲಗಿಗಿಂತ ಮೊದಲು ಅಲಗು ಮಣೆಗೆ ಕೂತ ಜಾಗ ನೋಡಿ. ಮಣೆಯನ್ನು ನೆಲಕ್ಕಿಟ್ಟು, ಕಾಲಿನಿಂದ ಮೆಟ್ಟಿ, ಅಲಗಿನ ಬೆನ್ನನ್ನು ಹಿಡಿದು ಆ ಕಡೆ ಈ ಕಡೆ ಅಲುಗಿಸಿ. ಒಂದು ನೂಲಿನಷ್ಟು ಆಡಿದರೂ ಬೇಡ, ಕುಂಬಳಕಾಯಿ ಹೆಚ್ಚುವಾಗ ಅದು ಕೈಗೆ ತಿರುಗುತ್ತದೆ.

ಸ್ಟೇನ್‌ಲೆಸ್ ಅಲಗೋ ಹಳೆಯ ಮಾದರಿಯ ಉಕ್ಕೋ? ಬಳಸಿದ ಕೂಡಲೇ ತೊಳೆದು ಒರೆಸುವ ಶಿಸ್ತು ಮನೆಯಲ್ಲಿ ಇಲ್ಲವಾದರೆ ಸ್ಟೇನ್‌ಲೆಸ್ ತೆಗೆದುಕೊಳ್ಳಿ, ಅದರಲ್ಲಿ ನಾಚಿಕೆಯೇನಿಲ್ಲ. ಶಿಸ್ತಿದ್ದರೆ ಹಳೆಯ ಉಕ್ಕು. ಅದರ ಮಸೆತ ಸುಲಭ. ಆದರೆ ಮಾವಿನಕಾಯಿ, ಬಾಳೆಕಾಯಿ ಹೆಚ್ಚಿದರೆ ಹೋಳು ಕಪ್ಪಾಗುತ್ತದೆ, ಕಾಯಿಯ ಒಗರಿಗೂ ಕಬ್ಬಿಣಕ್ಕೂ ಕೂಡಿಬರುವ ಬಣ್ಣ ಅದು.

ಮಸೆಯುವುದು ಹೀಗೆ. ಸಾಣೆಕಲ್ಲನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿ, ಜಾರದಂತೆ ಒದ್ದೆ ಗೋಣಿಯ ಮೇಲಿಡಿ. ಅಲಗನ್ನು ಎಷ್ಟು ಓರೆಗೆ ಹಿಡಿಯಬೇಕೆಂದು ತಿಳಿಯಲು ಒಂದು ಕಾಗದದ ಮೂಲೆಯನ್ನು ಎರಡು ಸಲ ಮಡಿಸಿ: 90 ಡಿಗ್ರಿ 45 ಆಗಿ, ಮತ್ತೆ 22 ಚಿಲ್ಲರೆ ಆಗುತ್ತದೆ. ಅಡುಗೆಮನೆಯ ಚಾಕು, ಕತ್ತಿಗೆ ಆ ಓರೆ ಸರಿ. ಒಂದೇ ಬದಿಯನ್ನು ಮಸೆಯುತ್ತಾ ಹೋಗಿ, ಇನ್ನೊಂದು ಬದಿಯ ಅಂಚಿನಲ್ಲಿ ಉಗುರಿಗೆ ತಡೆಯುವಂಥ ಸಣ್ಣ ಒರಟು ಏಳುವವರೆಗೆ. ಅದು ಎದ್ದರೆ ಅಂಚು ತಲುಪಿದ್ದೀರಿ ಎಂದರ್ಥ. ಆಮೇಲೆ ಮಗ್ಗುಲು ಬದಲಿಸಿ. ಹಣ್ಣು ಟೊಮೆಟೊದ ಮೇಲೆ ಒತ್ತದೆ ಎಳೆದಾಗ ಸಿಪ್ಪೆ ಸೀಳಿದರೆ ಕೆಲಸ ಆಯಿತು. ಮೆಟ್ಟುಕತ್ತಿಯ ಅಲಗು ಮಣೆಗೆ ಕಚ್ಚಿಕೊಂಡಿರುವುದರಿಂದ ಅಲ್ಲಿ ಕಲ್ಲನ್ನೇ ಕೈಯಲ್ಲಿ ಹಿಡಿದು, ಬೆರಳುಗಳು ಅಂಚಿನಿಂದ ಹಿಂದೆ ಇರುವಂತೆ ಆಡಿಸಬೇಕು.

ಸಾಣೆ ಹಿಡಿಯುವವರಿಗೆ ಕೊಡುವುದಾದರೆ ಪಕ್ಕದಲ್ಲೇ ನಿಲ್ಲಿ, ಒಂದು ಡಬ್ಬಿ ನೀರು ಇಟ್ಟುಕೊಡಿ. ಸೈಕಲ್ ತುಳಿದು ಚಕ್ರ ತಿರುಗಿಸುವವರ ಕೈಯಲ್ಲಿ ಅಲಗು ಕೆಡುವುದು ಕಡಿಮೆ. ವಿದ್ಯುತ್ ಯಂತ್ರದ ವೇಗಕ್ಕೆ ಕಿಡಿ ಜೋರು, ಕಾವೂ ಜೋರು. ಅಂಚು ಒಣಹುಲ್ಲಿನ ಬಣ್ಣಕ್ಕೆ ತಿರುಗಿದರೆ ಸುಮಾರು 220 ಡಿಗ್ರಿ ದಾಟಿದೆ, ನೀಲಿಯಾದರೆ 300ರ ಹತ್ತಿರ. ನೀಲಿ ಬಂದ ಕಡೆ ಉಕ್ಕಿನ ಹದ ಹೋಯಿತು. ಆ ದಿನ ಬ್ಲೇಡಿನ ಹಾಗೆ ಕೊಯ್ಯುತ್ತದೆ, ವಾರದಲ್ಲಿ ಮೊಂಡಾಗುತ್ತದೆ. ಎರಡು ಸಲ ಚಕ್ರಕ್ಕೆ ಹಿಡಿದರೆ ಒಂದು ಸಲ ನೀರಿಗೆ ಅದ್ದಲಿ. ನೀಲಿ ಬಂದೇ ಬಿಟ್ಟಿದ್ದರೆ ಅಷ್ಟು ಭಾಗ ಸವೆಸಿ ತೆಗೆಯಬೇಕು, ಇಲ್ಲವೇ ಕುಲುಮೆಗೆ ಒಯ್ದು ಮತ್ತೆ ಹದ ಕೊಡಿಸಬೇಕು.

ಗುದ್ದಲಿ, ಹಿತ್ತಲ ಕತ್ತಿ

ಹಿತ್ತಲಿನ ಕೆಲಸಕ್ಕೆ ಕಮ್ಮಾರರ ಕತ್ತಿ ಸಿಕ್ಕರೆ ಅಂಗಡಿಯದ್ದನ್ನು ನೋಡಬೇಡಿ. ಅನೇಕರು ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದು ಮಾಡುತ್ತಾರೆ, ಹದ ನಿಲ್ಲುವ ಉಕ್ಕು ಅದು. ಸಂದೇಹವಿದ್ದರೆ ಚಕ್ರಕ್ಕೆ ಒಮ್ಮೆ ಹಿಡಿಸಿ ಕಿಡಿ ನೋಡಿ. ಮೆದು ಕಬ್ಬಿಣದ ಕಿಡಿ ಉದ್ದ ಗೆರೆಯಾಗಿ ಹೋಗುತ್ತದೆ. ಇಂಗಾಲ ಇರುವ ಉಕ್ಕಿನ ಕಿಡಿ ತುದಿಯಲ್ಲಿ ಸುರುಸುರು ಬತ್ತಿಯಂತೆ ಕವಲೊಡೆಯುತ್ತದೆ.

ಗುದ್ದಲಿಯಲ್ಲಿ ಮೊದಲು ಸೋಲುವುದು ಕಾವು, ಅಂದರೆ ಅದರ ಮರದ ಹಿಡಿ. ಮರದ ಎಳೆಗಳು ತುದಿಯಿಂದ ತುದಿಗೆ ನೇರ ಓಡಿರಬೇಕು, ಗಂಟು ಇರಬಾರದು. ಜಾಲಿ, ಹುಣಸೆ ಒಳ್ಳೆಯವು. ತಲೆ ಸಡಿಲವಾದರೆ ರಾತ್ರಿ ಬಕೆಟ್ಟಿನಲ್ಲಿ ನೆನೆಹಾಕುವುದು ನಮ್ಮೆಲ್ಲರ ಉಪಾಯ. ಬೆಳಗ್ಗೆ ಬಿಗಿಯಾಗಿರುತ್ತದೆ, ನಿಜ. ಆದರೆ ಉಬ್ಬಿದ ಮರ ಕಬ್ಬಿಣದ ತೂತಿನೊಳಗೆ ನಜ್ಜುಗುಜ್ಜಾಗಿ, ಒಣಗಿದಾಗ ಮೊದಲಿಗಿಂತ ಸಡಿಲವಾಗುತ್ತದೆ. ಅದರ ಬದಲು ಕಾವನ್ನು ಪೂರ್ತಿ ಒಣಗಿಸಿ, ಒಣಮರದ ಬೆಣೆ ಹೊಡೆಯಿರಿ.

ಮಳೆ ಹಿಡಿಯುವ ಮೊದಲು, ಅಂದರೆ ಮೇ ಕೊನೆಯ ವಾರದಲ್ಲಿ, ಒಂದು ದಿನ ಎಲ್ಲವನ್ನೂ ಅಂಗಳಕ್ಕೆ ತನ್ನಿ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿ ಕಬ್ಬಿಣ ಒದ್ದೆಯಾಗಲು ನೀರು ತಾಗಲೇಬೇಕೆಂದಿಲ್ಲ, ಗಾಳಿಯೇ ಸಾಕು. ಮಣ್ಣು ತೊಳೆದು, ಬಿಸಿಲಿಗೆ ಒಣಗಿಸಿ, ತುಕ್ಕನ್ನು ಉಪ್ಪುಕಾಗದದಿಂದ ತಿಕ್ಕಿ, ಅಲಗಿಗೆ ತೆಂಗಿನೆಣ್ಣೆ ಸವರಿ. ಕಾವಲಿಗೆ ಬೇಡವೆಂದೆನಲ್ಲ, ಇಲ್ಲಿ ಬೇಕಾದದ್ದು ಅದೇ: ಗಟ್ಟಿಯಾಗದೆ ಜಿಡ್ಡಾಗಿಯೇ ಉಳಿದು ಗಾಳಿಯನ್ನು ತಡೆಯುವ ಎಣ್ಣೆ. ಬೈಕಿನಿಂದ ಇಳಿಸಿದ ಹಳೆ ಆಯಿಲ್ ಗುದ್ದಲಿ, ಹಾರೆಗೆ ಸರಿ, ತರಕಾರಿ ಮುಟ್ಟುವ ಯಾವುದಕ್ಕೂ ಬೇಡ. ಗೋಣಿಚೀಲದಲ್ಲಿ ಸುತ್ತಿಡಬೇಡಿ, ಅದು ತೇವ ಹೀರಿ ಕಬ್ಬಿಣಕ್ಕೆ ದಾಟಿಸುತ್ತದೆ. ಸಿಮೆಂಟ್ ನೆಲಕ್ಕೆ ತಾಗಿಸದೆ ಗೋಡೆಗೆ ನೇತುಹಾಕಿ.

ಕಾವುಗಳಿಗೆ ಅಗಸೆ ಎಣ್ಣೆ ಒಳ್ಳೆಯದು, ಬೇಗ ಗಟ್ಟಿಯಾಗಿ ಮರದ ರಂಧ್ರ ಮುಚ್ಚುತ್ತದೆ. ಆದರೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಗಟ್ಟಿಯಾಗುವಾಗ ಆ ಎಣ್ಣೆ ಶಾಖ ಬಿಡುತ್ತದೆ, ಮುದ್ದೆಯೊಳಗೆ ಶಾಖ ಕೂಡಿ ತಾನಾಗಿ ಬೆಂಕಿ ಹತ್ತಿಕೊಂಡದ್ದಿದೆ. ಬಿಡಿಸಿ ಹಗ್ಗಕ್ಕೆ ಹರವಿ, ಎರಡು ದಿನ ಒಣಗಿ ಗರಿಗರಿಯಾದ ಮೇಲೆ ಎಸೆಯಿರಿ.