ಬ್ಯೂನಸ್ ಐರಿಸ್: ಮಧ್ಯಾಹ್ನ ಮಲಗಿಸಿದೆ, ರಾತ್ರಿ ತಿರುಗಿಸಿದೆ

“ಅರವತ್ತು ದಾಟಿದವರನ್ನ ಅರ್ಧರಾತ್ರಿ ಟ್ಯಾಂಗೊ ಕುಣಿತ ನೋಡೋಕೆ ಕರ್ಕೊಂಡು ಹೋಗ್ತೀಯಾ? ತಲೆ ಕೆಟ್ಟಿದೆಯೇನೋ?” ಎಂದು ನಮ್ಮ ಟೂರ್ ಲೈನಿನವರೇ ನಕ್ಕಿದ್ದರು. ಮೊನ್ನೆ ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ನಾಲ್ಕನೇ ಗ್ರೂಪ್ ಮುಗಿಸಿ ಬಂದೆ. ಹದಿನಾಲ್ಕು ಜನ, ಹೆಚ್ಚಿನವರು ರಿಟೈರ್ ಆದವರು, ಹತ್ತು ಜನ ಸಸ್ಯಾಹಾರಿಗಳು. ಯಾರೂ ಗೊಣಗಲಿಲ್ಲ. ಸರಿ, ಒಬ್ಬರು ಗೊಣಗಿದರು, ಅದೂ ಫಿಲ್ಟರ್ ಕಾಫಿಗೆ.

ಮೊದಲ ಗ್ರೂಪನ್ನು ಯುರೋಪ್ ಟೂರಿನ ಅಳತೆಯಲ್ಲೇ ಓಡಿಸಿದ್ದೆ. ಬೆಳಗ್ಗೆ 8ಕ್ಕೆ ಎಸಿ ಬಸ್ಸು, ಊರ ನಡುವಿನ ಚೌಕ ಪ್ಲಾಸಾ ದೆ ಮಾಯೊ, ಲಾ ಬೋಕಾದ ಬಣ್ಣದ ತಗಡಿನ ಮನೆಗಳು, ರೆಕೊಲೆಟಾ, ಎಲ್ಲ ಒಂದೇ ದಿನ. ಮಧ್ಯಾಹ್ನ ಒಂದಕ್ಕೆ ಎಲ್ಲರೂ ತೂಕಡಿಕೆ. ರೆಕೊಲೆಟಾ ಸ್ಮಶಾನದಲ್ಲಿ ನಾನು ಅಲ್ಲಿನ ಅಧ್ಯಕ್ಷರ ಹೆಂಡತಿಯಾಗಿದ್ದ ಎವಾ ಪೆರೋನ್ ಸಮಾಧಿ ತೋರಿಸುತ್ತಿದ್ದರೆ ನಮ್ಮ ಮೇಷ್ಟ್ರೊಬ್ಬರು ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದರು. ಸಂಜೆ 7ಕ್ಕೆ ಊಟ ಹುಡುಕಿದರೆ ಹೋಟೆಲ್‌ಗಳಲ್ಲಿ ಒಲೆಯೇ ಹಚ್ಚಿರಲಿಲ್ಲ. ಆ ಊರಲ್ಲಿ ಊಟ ಅಂದರೆ 9ರ ಮೇಲೆ. ರಾತ್ರಿ ಎರಡಕ್ಕೆ ನೋಡಿದರೆ ಕಾರಿಡಾರಿನಲ್ಲಿ ಎಲ್ಲರೂ ಎದ್ದು ಓಡಾಡುತ್ತಿದ್ದಾರೆ! ಬಸ್ಸಿನ ಬಾಡಿಗೆ, ಹೋಗದ ಶೋಗಳ ಟಿಕೆಟ್ಟು, ಎಲ್ಲ ಸೇರಿ ಎರಡೂವರೆ ಲಕ್ಷದ ಹತ್ತಿರ ಕೈಬಿಟ್ಟಿತು.

ವಾಪಸ್ ವಿಮಾನದಲ್ಲಿ ಕೂತು ಲೆಕ್ಕ ಹಾಕಿದೆ. ಎಂಟೂವರೆ ಗಂಟೆ ವ್ಯತ್ಯಾಸ. ಅಲ್ಲಿ ರಾತ್ರಿ 9 ಅಂದ್ರೆ ಬೆಂಗಳೂರಲ್ಲಿ ಬೆಳಗಿನ ಜಾವ 5.30. ನಮ್ಮ ಹಿರಿಯರು ಎದ್ದು ಹಾಲಿನ ಪ್ಯಾಕೆಟ್ ಒಳಗೆ ತರುವ ಹೊತ್ತು! ಊರು ಕಣ್ಣು ಬಿಡುವಾಗ ಇವರೂ ಕಣ್ಣು ಬಿಡುತ್ತಾರೆ. ಮತ್ತೆ ಜೆಟ್‌ಲ್ಯಾಗ್ ಯಾಕೆ ಸರಿಮಾಡಬೇಕು?

ಎರಡನೇ ಸಲದಿಂದ ಬಸ್ಸು ಕೈಬಿಟ್ಟೆ. ಬಸ್ಸು ಮೆಟ್ರೋಗೆಲ್ಲ ನಡೆಯುವ ಸೂಬೆ ಕಾರ್ಡು ಕೊಟ್ಟು ಮೆಟ್ರೋ ಹತ್ತಿಸಿದೆ. ಎ ಲೈನ್ 1913ರದ್ದು ಅಂದರೆ ಅವರಿಗೆ ಅದೇ ಒಂದು ನೋಡುವ ಜಾಗ. ಬೆಳಗ್ಗೆ ಒಂದೇ ಏರಿಯಾ, ಇಲ್ಲವೇ 1908ರ ಕೊಲೋನ್ ಅನ್ನೋ ಒಪೆರಾ ಥಿಯೇಟರಿನ ಒಳಗೆ ಒಂದು ಸುತ್ತು. ಒಂದರಿಂದ ಆರರವರೆಗೆ ಕರ್ಟನ್ ಎಳೆದು ನಿದ್ದೆ. ರಾತ್ರಿ ಕೊರಿಯೆಂಟೆಸ್ ರಸ್ತೆ, ಪಿಜ್ಜಾ, ಜೊತೆಗೆ ಫಾಯಿನಾ. ಅದು ಕಡಲೆಹಿಟ್ಟಿನ ರೊಟ್ಟಿ. ನೋಡಿದ ಕೂಡಲೇ ಆಂಟಿಯರು ಚಟ್ನಿಪುಡಿ ಡಬ್ಬಿ ತೆಗೆದರು.

ಹನ್ನೊಂದಕ್ಕೆ ಮಿಲೋಂಗಾ, ಅಂದ್ರೆ ಊರಿನವರೇ ಟ್ಯಾಂಗೊ ಕುಣಿಯುವ ಜಾಗ. ಊಟದ ಜೊತೆ ಟ್ಯಾಂಗೊ ಶೋಗೆ ತಲೆಗೆ ನೂರು ಡಾಲರ್ ಹತ್ತಿರ ಕೇಳುತ್ತಾರೆ, ಇಲ್ಲಿ ಅದರಲ್ಲಿ ಕಾಲುಭಾಗವೂ ಆಗಲ್ಲ. ಅಲ್ಲಿ ಬಾಯಿಬಿಟ್ಟು ಕುಣಿಯೋಕೆ ಕರೆಯಲ್ಲ. ಕಣ್ಣಲ್ಲಿ ನೋಡಿ ತಲೆ ಆಡಿಸಬೇಕು. ನಮ್ಮ ಅಂಕಲ್ ಒಬ್ಬರು ಸಂಗೀತ ಕಚೇರಿಯಲ್ಲಿ ಕೂತ ಹಾಗೆ ತಾಳಕ್ಕೆ ತಲೆದೂಗುತ್ತಿದ್ದರು, ಕಣ್ಣು ಎದುರಿನ ಟೇಬಲ್ಲಿನ ಮೇಲೆ. ಆ ಟೇಬಲ್ಲಿನ ಹೆಂಗಸು ನಗುತ್ತಾ ಎದ್ದು ನಿಂತರು! ಅಂಕಲ್ ನನ್ನ ಮುಖ ನೋಡಿದರು, ನಾನು ಅವರ ಹೆಂಡತಿಯ ಮುಖ ನೋಡಿದೆ. “ಹೋಗಿ ಬನ್ನಿ, ಎಷ್ಟೊತ್ತು ಕಾಯಿಸ್ತೀರಿ” ಅಂದರು ಆಂಟಿ. ಯಾವ ಮಿಲೋಂಗಾ, ಯಾವ ವಾರ, ಯಾವ ಮೂಲೆಯ ಟೇಬಲ್ಲು ಅಂತ ಕೇಳಬೇಡಿ. ಅದು ನನ್ನ ಹೊಟ್ಟೆಪಾಡು.

ಗುರುವಾರ ಮಾತ್ರ ನಿದ್ದೆಗೆ ಕತ್ತರಿ. ಮಿಲಿಟರಿ ಆಳ್ವಿಕೆಯಲ್ಲಿ ಕಾಣೆಯಾದ ಮಕ್ಕಳಿಗಾಗಿ ತಾಯಂದಿರು 1977ರಿಂದ ಪ್ಲಾಸಾ ದೆ ಮಾಯೊದಲ್ಲಿ ಸುತ್ತು ಹಾಕುತ್ತಿದ್ದಾರೆ, ಮಧ್ಯಾಹ್ನ 3.30ಕ್ಕೆ, ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು. ಹಾಸನದ ಅಮ್ಮ ಒಬ್ಬರು ಸೆರಗು ತಲೆಮೇಲೆ ಎಳೆದುಕೊಂಡು ಸುಮ್ನೆ ಅವರ ಹಿಂದೆ ನಡೆದರು. ಫೋಟೋ ತೆಗೆಯೋಕೆ ನನಗೆ ಮನಸ್ಸಾಗಲಿಲ್ಲ.

ತಪ್ಪು ಇನ್ನೂ ಇವೆ. ‘ಸಿನ್ ಕಾರ್ನೆ’, ಅಂದ್ರೆ ಮಾಂಸ ಬೇಡ, ಅಂತ ಹೇಳಿದರೆ ಸಾಕು ಅಂದುಕೊಂಡಿದ್ದೆ. ಕಾರ್ನೆ ಅಂದ್ರೆ ಅವರ ಲೆಕ್ಕದಲ್ಲಿ ದನದ ಮಾಂಸ, ಹಾಗಾಗಿ ಹ್ಯಾಮ್ ಹಾಕಿ ತಂದರು. ಅದಕ್ಕಿಂತ ದೊಡ್ಡದು ಮೆದಿಯಲೂನಾ, ತಿಂಡಿಗೆ ಕೊಡುವ ಅರ್ಧಚಂದ್ರದ ಬನ್ನು. ಮಾಂತೇಕಾ ಅಂದ್ರೆ ಬೆಣ್ಣೆಯದು, ಗ್ರಾಸಾ ಅಂದ್ರೆ ಪ್ರಾಣಿಕೊಬ್ಬಿನದು. ಎರಡನೇ ಗ್ರೂಪಿಗೆ ಮೂರು ದಿನ ಗ್ರಾಸಾ ತಿನ್ನಿಸಿದ ಮೇಲೆ ಬೋರ್ಡ್ ಓದಿದೆ. ಮುಚ್ಚಿಡಬಹುದಿತ್ತು, ಹೇಳಿಬಿಟ್ಟೆ. ಒಬ್ಬ ಆಂಟಿ ಎರಡು ದಿನ ಮಾತೇ ಆಡಲಿಲ್ಲ.

ದುಡ್ಡಿನ ವಿಷಯ: ತಲೆಗೆ ಮೂರು ಮುಕ್ಕಾಲು ಲಕ್ಷದ ಆಸುಪಾಸು ತಗೊಂಡೆ, ನನಗೆ ಇಪ್ಪತ್ತೈದು ಮೂವತ್ತು ಸಾವಿರ ಉಳಿಯಿತು. ಆರು ತಿಂಗಳ ಮುಂಚೆ ರೇಟ್ ಹೇಳಿ ಸಿಕ್ಕಿಹಾಕಿಕೊಳ್ಳಬೇಡಿ. ಎರಡನೇ ಮತ್ತು ಮೂರನೇ ಗ್ರೂಪಿನ ನಡುವೆ ಡಾಲರ್ ಲೆಕ್ಕದಲ್ಲೇ ಊಟ ಒಂದೂವರೆ ಪಟ್ಟಾಗಿತ್ತು. ನೂರು ಡಾಲರಿನ ನೋಟು ಗರಿಗರಿಯಾಗಿರಲಿ, ಹಳೇ ನೋಟಿಗೆ ಚೌಕಾಸಿ ಮಾಡುತ್ತಾರೆ.

ಈ ಸಲ ಸುಮ್ನೆ ಒಂದು ಪ್ರಯೋಗ ಮಾಡಿದೆ, ಪೊಲೆಂಟಾದಲ್ಲಿ ಮುದ್ದೆ. ಅದು ಮೆಕ್ಕೆಜೋಳದ ರವೆ. ದಿಢೀರ್ ಪ್ಯಾಕೆಟ್ ತಂದು ಮೊದಲ ದಿನ ಅಂಟು ಮಾಡಿಕೊಂಡೆವು. ಎರಡನೇ ದಿನ ಸಾದಾ ಪೊಲೆಂಟಾ ತಂದು ಅರ್ಧ ಗಂಟೆ ತಿರುವಿದ ಮೇಲೆ ಉಂಡೆ ಕಟ್ಟೋಕೆ ಬಂತು. ಅಲ್ಲಿ ಸಿಗುವ ಅಸೆಲ್ಗಾ ಅನ್ನೋ ಸೊಪ್ಪಿನ ಬಸ್ಸಾರು ಜೊತೆಗೆ. ಪ್ಯಾಕೇಜಿಗೆ ಸೇರಿಸಲೋ ಬೇಡವೋ ಅಂತ ಇನ್ನೂ ಯೋಚಿಸುತ್ತಿದ್ದೇನೆ, ಒಗ್ಗರಣೆ ಘಾಟಿಗೆ ಪಕ್ಕದ ಫ್ಲಾಟಿನವರು ಬಂದು ಬಾಗಿಲು ಬಡಿದಿದ್ದರು.