ಅಡುಗೆಮನೆ ಕಿಟಕಿಯ ಮೆಣಸಿನ ಗಿಡ ಸೊರಗಿದಾಗ ನಾನು ಮಾಡಿದ್ದು

ನಮ್ಮದು ಬೆಂಗಳೂರಿನ ಫ್ಲ್ಯಾಟು, ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವುದಕ್ಕೇ ಜಾಗ ಸಾಲದು. ಹಾಗಾಗಿ ಅಡುಗೆಮನೆ ಕಿಟಕಿಯ ಒಳಗಡೆ ಐದು ಪಾಟಿನಲ್ಲಿ ಮೆಣಸಿನ ಗಿಡ ಹಾಕಿದ್ದೆ. ಬೀಜಕ್ಕೆ ಅಂಗಡಿಗೇನೂ ಹೋಗಲಿಲ್ಲ. ಸಾರಿನ ಪುಡಿಗೆ ತಂದಿದ್ದ ಬ್ಯಾಡಗಿ ಮೆಣಸಿನಕಾಯಿ ಒಂದನ್ನು ಮುರಿದು ಬಿತ್ತಿದೆ, ಹತ್ತು ದಿನಕ್ಕೆ ಮೊಳಕೆ ಬಂತು. ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಕೆಳಗಿನ ಎಲೆಗಳು ಹಳದಿಯಾಗಿ ಉದುರತೊಡಗಿದವು, ಗಿಡ ಜೋತುಬಿತ್ತು.

ಹಳದಿ ಅಂದ ಕೂಡಲೇ ಗೊಬ್ಬರ ಸಾಲದು ಅಂದುಕೊಂಡೆ. ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಇರುವ ಉಪ್ಪು) ಹಾಕಿದೆ, ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಹಾಕಿದೆ. ಸಿಪ್ಪೆ ನೀರಿನಿಂದ ಸಿಕ್ಕಿದ್ದು ಮನೆ ತುಂಬಾ ನೊಣ, ಅಷ್ಟೇ. ಜೋತುಬಿದ್ದಿದೆ ಅಂತ ನೀರನ್ನೂ ಜಾಸ್ತಿ ಮಾಡಿದೆ, ಅದೇ ದೊಡ್ಡ ತಪ್ಪು. ಊರಿಂದ ಬಂದ ಅಮ್ಮ ಪಾಟ್ ಎತ್ತಿ ನೋಡಿ, "ಇದು ಬಾಯಾರಿ ಬಿದ್ದಿಲ್ಲ ಕಣೇ, ಮುಳುಗಿ ಸಾಯ್ತಾ ಇದೆ" ಅಂದರು.

ನಿಜ. ಚಂದಕ್ಕೆ ಅಂತ ತೂತಿಲ್ಲದ ಪಿಂಗಾಣಿ ಕುಂಡದೊಳಗೆ ಪಾಟ್ ಕೂರಿಸಿದ್ದೆ, ತಳದಲ್ಲಿ ಎರಡು ಬೆರಳು ನೀರು ನಿಂತಿತ್ತು. ಗಿಡ ಕಿತ್ತು ನೋಡಿದರೆ ಬಿಳಿ ಇರಬೇಕಾದ ಬೇರು ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಸಿಪ್ಪೆ ಜಾರಿ ಬರುತ್ತಿತ್ತು, ಮೋರಿ ವಾಸನೆ ಬೇರೆ. ಕೊಳೆತ ಬೇರನ್ನೆಲ್ಲ ಕತ್ತರಿಸಿದೆ. ಎರಡು ಪಾಲು ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು ಬೆರೆಸಿ ತೂತಿರುವ ಪಾಟಿನಲ್ಲೇ ಮತ್ತೆ ನೆಟ್ಟೆ. ಈಗ ಬೆರಳು ಒಂದಿಂಚು ಚುಚ್ಚಿ, ಒಣಗಿದ್ದರೆ ಮಾತ್ರ ನೀರು. ಪಾಟ್ ಎತ್ತಿದಾಗ ಹಗುರ ಅನ್ನಿಸಬೇಕು, ಕೈಗೆ ಬೇಗ ಅಭ್ಯಾಸ ಆಗುತ್ತೆ.

ಒಂದು ಗಿಡ ಹೋಯಿತು, ನಾಲ್ಕು ಚಿಗುರಿದವು. ಆದರೆ ಕಾಂಡ ಸಣಕಲಾಗಿ ಗಾಜಿನ ಕಡೆಗೇ ಬಾಗುತ್ತಿತ್ತು. ಕಿಟಕಿ ಉತ್ತರಕ್ಕಿದೆ, ನಮ್ಮ ಕಣ್ಣಿಗೆ ಬೆಳಕು ಅನ್ನಿಸಿದ್ದು ಮೆಣಸಿನ ಗಿಡಕ್ಕೆ ಏನೇನೂ ಸಾಲದು. 20 ವ್ಯಾಟಿನ ಮಾಮೂಲಿ ಬಿಳಿ ಎಲ್‌ಇಡಿ ಟ್ಯೂಬ್‌ಲೈಟನ್ನು ಗಿಡದ ತುದಿಯಿಂದ ಅರ್ಧ ಅಡಿ ಮೇಲೆ ಕಟ್ಟಿ, ದಿನಕ್ಕೆ 14 ಗಂಟೆ ಉರಿಸಿದೆ. ನೇರಳೆ ಬಣ್ಣದ ದುಬಾರಿ ಲೈಟು ಬೇಕಾಗಲೇ ಇಲ್ಲ.

ಇಷ್ಟಾದ ಮೇಲೆ ಹೊಸ ಚಿಗುರು ಮುದುಡಿತು. ನುಸಿ ಇರಬೇಕು ಅಂತ ಸುಮ್ನೆ ಬೇವಿನ ಎಣ್ಣೆ ಹೊಡೆದೆ, ಯಾವ ನುಸಿ ಅಂತ ನೋಡಲಿಲ್ಲ. ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯ ಹಾಗಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಅನ್ನೋ ನುಸಿ. ಬಿಳಿ ಹಾಳೆ ಹಿಡಿದು ಚಿಗುರು ತಟ್ಟಿದರೆ ಸಣ್ಣ ಗೀರಿನಂಥ ಹುಳು ಉದುರಿ ಹರಿದಾಡುತ್ತವೆ. ನನ್ನ ಹಾಳೆ ಮೇಲೆ ಏನೂ ಬೀಳಲಿಲ್ಲ. ನಮ್ಮ ಗಿಡದಲ್ಲಿ ಎಲೆ ಕೆಳಕ್ಕೆ ಮಡಚಿ, ದೋಣಿ ಕವುಚಿ ಹಾಕಿದಂತಿತ್ತು, ತೊಟ್ಟು ಉದ್ದವಾಗಿ ಎಲೆ ಕಿರಿದಾಗಿತ್ತು. ಅದು ಮೈಟ್ ನುಸಿಯ ಲಕ್ಷಣ, ಆ ನುಸಿ ಬರಿಗಣ್ಣಿಗೆ ಕಾಣಿಸುವಷ್ಟು ದೊಡ್ಡದಲ್ಲ. ಇದಕ್ಕೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 3 ಗ್ರಾಂ. ಆದರೆ ಎಣ್ಣೆ ಹೊಡೆದ ಬೆನ್ನಿಗೇ ಗಂಧಕ ಹೊಡೆದರೆ ಎಲೆ ಸುಟ್ಟುಹೋಗಬಹುದು. ನನ್ನ ಅವಸರಕ್ಕೆ ಎರಡು ವಾರ ದಂಡ ತೆತ್ತು ಕಾದೆ. ಅಷ್ಟರಲ್ಲಿ ತೀರಾ ಮುದುಡಿದ ತುದಿಗಳನ್ನು ಚಿವುಟಿ ಕವರಿಗೆ ಕಟ್ಟಿ ಎಸೆದೆ. ಆಮೇಲೆ ಪಾಟುಗಳನ್ನು ಬಾಲ್ಕನಿಗೆ ಒಯ್ದು, ಬಿಸಿಲು ಇಳಿದ ಮೇಲೆ ಎಲೆಯ ತಳಭಾಗ ನೆನೆಯುವ ಹಾಗೆ ಹೊಡೆದೆ, ಹತ್ತು ದಿನ ಬಿಟ್ಟು ಇನ್ನೊಂದು ಸಲ. ಮುದುಡಿದ ಹಳೆ ಎಲೆ ಬಿಚ್ಚಿಕೊಳ್ಳಲಿಲ್ಲ, ಹೊಸದು ನೆಟ್ಟಗೆ ಬಂತು.

ಹೂವೂ ಬಂತು, ಉದುರಿಯೂ ಹೋಯಿತು. ಮನೆಯೊಳಗೆ ಗಾಳಿ ಇಲ್ಲ, ಹೂವಿನ ಪುಡಿ ಅಲುಗುವುದಾದರೂ ಹೇಗೆ ಅಲ್ವಾ? ದಿನಾ ಬೆಳಗ್ಗೆ ಕಾಫಿಗೆ ಹಾಲು ಕಾಯುವಾಗ ಹೂವಿನ ತೊಟ್ಟಿನ ಹತ್ತಿರ ಬೆರಳಿನಿಂದ ಮೆಲ್ಲಗೆ ತಟ್ಟುತ್ತೇನೆ. ಮೂರು ಗಿಡದಲ್ಲಿ ಕಾಯಿ ನಿಂತಿವೆ. ಒಲೆ ಪಕ್ಕದ್ದು ಮಾತ್ರ ಇನ್ನೂ ಹೂ ಉದುರಿಸುತ್ತಿದೆ, ಬಿಸಿಗೆ ಇರಬೇಕು. ಈ ವಾರ ಅದನ್ನು ಟ್ಯೂಬಿನ ಇನ್ನೊಂದು ತುದಿಗೆ ಸರಿಸಿದ್ದೇನೆ, ಬೇರೆ ಏನನ್ನೂ ಬದಲಿಸಿಲ್ಲ.